ಎರಡು ಮದ್ದು, ಒಂದು ಮೈ

ತರಗತಿಯಲ್ಲಿ ‘ಮದ್ದು’ ಎಂಬ ಮಾತು ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು; ಗುಟ್ಟಾಗಿ ಅನ್ನದಲ್ಲಿ ಬೆರೆಸಿದರೆ ಅದೇ ಕೈಮದ್ದು. ಹುಡುಗರು ನಗುತ್ತಾರೆ. ಹೋದ ವರ್ಷದಿಂದೀಚೆಗೆ ಆ ನಗೆಯಲ್ಲಿ ಪಾಲುಗೊಳ್ಳುವುದು ನನಗೆ ಕಷ್ಟವಾಗಿದೆ.

ನನ್ನ ಅಕ್ಕನ ಮಗನಿಗೆ ಹದಿನಾಲ್ಕನೆಯ ವಯಸ್ಸಿನಿಂದ ಮೂರ್ಛೆರೋಗ. ಲ್ಯಾಮೊಟ್ರಿಜಿನ್ ಎಂಬ ಮಾತ್ರೆಯ ದಯದಿಂದ ಮೂರು ವರ್ಷ ಫಿಟ್ಸ್ ಅವನ ಹತ್ತಿರ ಸುಳಿದಿರಲಿಲ್ಲ. ಅದು ಹೋದ ಜಾಗದಲ್ಲಿ ಖಿನ್ನತೆ ಬಂದು ಕುಳಿತಿತು. ಎರಡು ಬಗೆಯ ಔಷಧಿ ಸೋತ ಮೇಲೆ ಮನೋವೈದ್ಯರು ಕೆಟಮಿನ್ ಕೊಟ್ಟು ನೋಡೋಣವೆಂದರು. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಇದು ಮೊದಲಿಗೆ ಶಸ್ತ್ರಚಿಕಿತ್ಸೆಯ ಅರಿವಳಿಕೆ. ಸಣ್ಣ ಪ್ರಮಾಣದಲ್ಲಿ, ಸುಮಾರು 40 ನಿಮಿಷ ರಕ್ತನಾಳಕ್ಕೆ ಹರಿಸಿದರೆ, ಬೇರೆ ಔಷಧಿಗಳಿಗೆ ಜಗ್ಗದ ಖಿನ್ನತೆಯೂ ಕೆಲವರಲ್ಲಿ ಕೆಲವೇ ಗಂಟೆಗಳಲ್ಲಿ ಹಗುರಾಗುತ್ತದೆ. ಆ ಹೊತ್ತಿನಲ್ಲಿ ರಕ್ತದೊತ್ತಡ ಏರುತ್ತದೆ, ಮನಸ್ಸು ಮೈಯಿಂದ ಬೇರೆಯಾದಂತೆ ತೋರುತ್ತದೆ. ಆದ್ದರಿಂದ ಕಾವಲು ಬೇಕು.

ಚಿಕಿತ್ಸೆಯ ಹಿಂದಿನ ದಿನ ಹುಡುಗ ನಮ್ಮ ಮನೆಗೆ ಬಂದ. ರಾತ್ರಿ ಊಟವಾದ ಮೇಲೆ ಮಾತ್ರೆ ನೆನಪಿಸಿದೆ.

“ಅದು ಮೈಯಲ್ಲಿದ್ದರೆ ನಾಳೆಯ ಔಷಧಿ ಹಿಡಿಯುವುದಿಲ್ಲವಂತೆ, ಮಾವ. ಬಿಟ್ಟು ಒಂದು ವಾರವಾಯಿತು. ನೀವು ಯಾರಿಗೂ ಹೇಳಬೇಡಿ.”

“ಫಿಟ್ಸ್ ಬಂದರೆ?”

“ಬರಲಿ. ಹೀಗೆ ಇರುವುದಕ್ಕಿಂತ ಅದೇ ವಾಸಿ. ಮೈ ನನ್ನದು.”

ಅವನು ಕೇಳಿದ್ದು ಪೂರ್ತಿ ಕಟ್ಟುಕಥೆಯೇನಲ್ಲ. ಮಿದುಳಿನಲ್ಲಿ ಗ್ಲುಟಮೇಟ್ ಎಂಬ ದ್ರವ್ಯವಿದೆ. ಲ್ಯಾಮೊಟ್ರಿಜಿನ್ ಅದರ ಬಿಡುಗಡೆಯನ್ನು ತಗ್ಗಿಸುತ್ತದೆ. ಕೆಟಮಿನ್ನಿನ ವ್ಯವಹಾರವೂ ಅದರ ಜೊತೆಗೇ. ಒಂದು ಇನ್ನೊಂದನ್ನು ಮಂಕುಮಾಡಬಹುದೆಂಬ ಸಂಶಯ ವೈದ್ಯರಿಗೂ ಇದೆ, ಇತ್ಯರ್ಥವಾಗಿಲ್ಲ. ಇತ್ಯರ್ಥವಾಗಿರುವುದು ಬೇರೆ: ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರಳಬಹುದು, ಬಂದದ್ದು ನಿಲ್ಲದೆಯೂ ಹೋಗಬಹುದು. ವಿಚಿತ್ರವೆಂದರೆ, ಯಾವ ಮದ್ದಿಗೂ ನಿಲ್ಲದ ಅಂಥ ಮೂರ್ಛೆಯನ್ನು ತಡೆಯಲು ತುರ್ತುಘಟಕಗಳಲ್ಲಿ ಕೆಲವೊಮ್ಮೆ ಕೆಟಮಿನ್ನನ್ನೇ ಬಳಸುತ್ತಾರೆ!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಮೈ ನನ್ನದು’ ಎಂದವನಿಗೆ ಏನು ಹೇಳುವುದು? ತನ್ನ ನೋವಿನ ತೂಕ ತಾನೇ ಬಲ್ಲವನು ಅವನು. ಯಾವ ಅಪಾಯಕ್ಕೆ ಒಡ್ಡಿಕೊಳ್ಳಬೇಕೆಂದು ತೀರ್ಮಾನಿಸಲು ನಾನು ಯಾರು? ಆದರೆ ಬೆಳಗಿನ ಜಾವಕ್ಕೆ ಒಂದು ಸಂಗತಿ ಹೊಳೆಯಿತು. ಅವನು ಪಣಕ್ಕೆ ಇಟ್ಟದ್ದು ತನ್ನ ಮೈಯನ್ನಷ್ಟೇ ಅಲ್ಲ. ಮಾತ್ರೆ ನಡೆಯುತ್ತಿದೆ ಎಂಬ ಲೆಕ್ಕದ ಮೇಲೆ ಒಬ್ಬರು ಸೂಜಿ ಚುಚ್ಚುವವರಿದ್ದರು. ಅವರ ಕೈಯನ್ನು, ಅವರಿಗೆ ತಿಳಿಯದಂತೆ, ತನ್ನ ಜೂಜಿಗೆ ಎರವಲು ತೆಗೆದುಕೊಳ್ಳುವ ಹಕ್ಕು ಅವನಿಗಿತ್ತೇ? ಅನ್ನದಲ್ಲಿ ಮದ್ದು ಬೆರೆಸುವವನ ಗುಟ್ಟಿಗೂ ಇದಕ್ಕೂ ಎಷ್ಟು ದೂರ?

ಇಷ್ಟು ಹೇಳಿ ನ್ಯಾಯಪೀಠದಲ್ಲಿ ಕೂರುವ ಯೋಗ್ಯತೆ ನನಗಿಲ್ಲ. ಮುಚ್ಚಿಡುವ ವಿದ್ಯೆಯನ್ನು ಅವನಿಗೆ ಕಲಿಸಿದವರು ನಾವೇ. ಮೊದಲ ಸಲ ಬಿದ್ದಾಗ ಕೈಗೆ ಬೀಗದ ಕೈಗೊಂಚಲು ತುರುಕಿದೆವು. ಎದ್ದ ಮೇಲೆ ‘ಯಾರಿಗೂ ಹೇಳಬೇಡ’ ಎಂದೆವು. ನೆಂಟರಿಗೆಲ್ಲ ‘ತಲೆಸುತ್ತು’ ಎಂದು ಹೇಳಿದವನು ನಾನು. ಕಾನೂನೂ ಹಾಗೆಯೇ ಇತ್ತು: 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯೊಳಗೆ ಮೂರ್ಛೆರೋಗ ಮದುವೆಗೆ ಅಡ್ಡಿಯಾಗಿ ಸೇರಿತು, ಆ ಮಾತನ್ನು ತೆಗೆದದ್ದು 1999ರಲ್ಲಿ. ನಮ್ಮ ಅಕ್ಕನ ಮನಸ್ಸಿನಿಂದ ಅದು ಇನ್ನೂ ಹೋಗಿಲ್ಲ.

ಬೆಳಿಗ್ಗೆ ಅವನಿಗೆ ಹೇಳಿದೆ: “ನೀನೇ ಹೇಳು. ಹೇಳದಿದ್ದರೆ ನಾನು ಹೇಳುತ್ತೇನೆ.” ಬೆದರಿಕೆಯೆಂದರೆ ಬೆದರಿಕೆಯೇ. ಅವನು ಒಳಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ.

ಅಂದು ಕೆಟಮಿನ್ ಕೊಡಲಿಲ್ಲ. ಮನೋವೈದ್ಯರು ನರರೋಗತಜ್ಞರೊಡನೆ ಮಾತಾಡಿದರು. ಆ ಮಾತ್ರೆಯನ್ನು ಒಂದು ವಾರ ಬಿಟ್ಟ ಮೇಲೆ ಹಳೆಯ ಪ್ರಮಾಣದಲ್ಲೇ ನುಂಗುವಂತಿಲ್ಲವಂತೆ. ಚರ್ಮದ ಮೇಲೆ ಪ್ರಾಣಕ್ಕೇ ಎರವಾಗುವಂಥ ದದ್ದು ಏಳಬಹುದು. ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಬೇಕು, ಅಲ್ಲಿಯವರೆಗೆ ಕಾವಲಿಗೆ ಬೇರೊಂದು ಮಾತ್ರೆ. ಹೀಗೆ ಎರಡು ತಿಂಗಳು ಸರಿದವು. ಖಿನ್ನತೆಯಲ್ಲಿ ಮುಳುಗಿದವನಿಗೆ ಎರಡು ತಿಂಗಳೆಂದರೇನೆಂದು ಅವನ ಮುಖ ನೋಡಿದವರಿಗೆ ಗೊತ್ತು. ಅಕ್ಕ ಅವನನ್ನು ಒಂದು ರಾತ್ರಿಯೂ ಒಂಟಿಯಾಗಿ ಮಲಗಲು ಬಿಡಲಿಲ್ಲ. ನನ್ನೊಡನೆ ಅವನು ಮಾತು ಬಿಟ್ಟ.

ಆಮೇಲೆ ಕೆಟಮಿನ್ ಕೊಟ್ಟರು, ಎಲ್ಲ ಬಲ್ಲವರ ಕಣ್ಣೆದುರಿನಲ್ಲಿ. ಫಿಟ್ಸ್ ಬರಲಿಲ್ಲ. ಮನಸ್ಸು ಸ್ವಲ್ಪ ತಿಳಿಯಾಗಿದೆ, ಪೂರ್ತಿಯಲ್ಲ. ಮಾತ್ರೆ ಇಲ್ಲದಿದ್ದರೆ ಇನ್ನೂ ತಿಳಿಯಾಗುತ್ತಿತ್ತೆಂದು ಅವನು ಒಳಗೊಳಗೇ ನಂಬಿದ್ದಾನೆಂದು ತೋರುತ್ತದೆ.

ಈಗ ನಮ್ಮ ಮನೆಗೆ ಬಂದರೆ, ಊಟವಾದೊಡನೆ, ನಾನು ಕೇಳುವ ಮೊದಲೇ ಹೇಳುತ್ತಾನೆ: “ಮಾತ್ರೆ ತೆಗೆದುಕೊಂಡೆ, ಮಾವ.” ಆ ದನಿಯಲ್ಲಿ ಇನ್ನೂ ಸ್ವಲ್ಪ ಮುನಿಸಿದೆ.