ಹೊಗೆಸೊಪ್ಪಿನ ಋಣ

ನಾನು ಓದಿದ್ದು ಹೊಗೆಸೊಪ್ಪಿನ ದುಡ್ಡಿನಲ್ಲಿ. ಹುಣಸೂರಿನ ಹತ್ತಿರ ನಮ್ಮ ಹೊಲ. ಸೊಪ್ಪು ಹೋಗುತ್ತಿದ್ದುದು ಸಿಗರೇಟಿಗೆ. ಎಲೆಯಲ್ಲಿ ತಿಳಿಹಸಿರು, ಕಡುಹಸಿರು ಮಚ್ಚೆ ಕಂಡರೆ ಅಪ್ಪ ಗಿಡವನ್ನೇ ಕಿತ್ತುಹಾಕುತ್ತಿದ್ದರು. 'ಆ ಕೈಯಲ್ಲಿ ಬೇರೆ ಗಿಡ ಮುಟ್ಟಬೇಡ' ಎನ್ನುತ್ತಿದ್ದರು. ಅದು ತಂಬಾಕಿನ ಮೊಸಾಯಿಕ್ ವೈರಸ್ಸು. ಸಿಗರೇಟು ಸೇದುತ್ತಿದ್ದ ದೊಡ್ಡಪ್ಪ ಗಂಟಲ ಕ್ಯಾನ್ಸರಿನಲ್ಲಿ ಹೋದರು.

ಈಗ ಪುಣೆಯಲ್ಲಿ ಕೂತು ಓದುತ್ತೇನೆ: ಆ ವೈರಸ್ಸು ಸುಮಾರು 300 ನ್ಯಾನೊಮೀಟರ್ ಉದ್ದದ, ನಡುವೆ ಟೊಳ್ಳಿರುವ ಕೋಲು. 2016ರಲ್ಲಿ ಅಮೆರಿಕದ ನಿಕೋಲ್ ಸ್ಟೈನ್‌ಮೆಟ್ಜ್ ಮತ್ತು ಸಂಗಡಿಗರು ಆ ಟೊಳ್ಳಿನಲ್ಲಿ ಪ್ಲಾಟಿನಂ ಔಷಧಿ ತುಂಬಿ, ಸ್ತನ ಕ್ಯಾನ್ಸರಿದ್ದ ಇಲಿಗಳಿಗೆ ಕೊಟ್ಟರು. ಬರೀ ಔಷಧಿ ಕೊಟ್ಟಾಗಿನದಕ್ಕಿಂತ ಗೆಡ್ಡೆಯ ಬೆಳವಣಿಗೆ ಹೆಚ್ಚು ಕುಗ್ಗಿತು. ಗಿಡದ ವೈರಸ್ಸು ನಮ್ಮ ಮೈಯಲ್ಲಿ ವೃದ್ಧಿಯಾಗುವುದಿಲ್ಲ, ಬರೀ ಹೊರೆಯಾಳು.

ಮೊದಲು ಸಮಾಧಾನವಾಯಿತು. ಹೊಗೆಸೊಪ್ಪಿನಿಂದಲೇ ಮದ್ದು ಬಂದರೆ ನಮ್ಮ ಮನೆಯ ಲೆಕ್ಕ ಚುಕ್ತಾ ಆದಂತಲ್ಲವೇ?

ಆಮೇಲೆ ಅನ್ನಿಸಿತು, ಇದು ಯಾರ ಲೆಕ್ಕ? ವೈರಸ್ಸು ಏನನ್ನೂ ಆರಿಸಿಕೊಳ್ಳಲಿಲ್ಲ. ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಪುಣ್ಯವೇನಿದ್ದರೂ ಪ್ರಯೋಗಾಲಯದವರದು. ನಾವು ಬೆಳೆದದ್ದು ಸೇದುವವರಿಗಾಗಿ, ಗೊತ್ತಿದ್ದೇ. ಬೇರೆ ಬೆಳೆ ಅಷ್ಟು ದುಡ್ಡು ಕೊಡುತ್ತಿರಲಿಲ್ಲ ಎಂಬುದೂ ನಿಜ.

ಈ ವೈರಸ್ಸು ಬೇಕೆಂದರೆ ಇವತ್ತಿಗೂ ಗಿಡಕ್ಕೆ ರೋಗ ಹತ್ತಿಸಬೇಕು. ನಮಗೆ ಮದ್ದಾದರೂ ಗಿಡಕ್ಕೆ ಅದು ರೋಗವೇ. ಒಳಿತು ಬಂದು ಕೆಡುಕನ್ನು ಅಳಿಸುವುದಿಲ್ಲ. ಅಪ್ಪನ ಋಣವೂ ನನ್ನ ಮೇಲಿದೆ, ದೊಡ್ಡಪ್ಪನದೂ ಇದೆ. ಒಂದರಲ್ಲಿ ಇನ್ನೊಂದನ್ನು ಕಳೆಯಲಾಗದು.

ಈ ಸಲ ಊರಿಗೆ ಹೋದಾಗ ಬೇರೆ ಬೆಳೆಯ ಮಾತು ತೆಗೆಯಬೇಕು. ಮೊದಲೆರಡು ವರ್ಷದ ನಷ್ಟ ನಾನು ಹೊರುತ್ತೇನೆ ಎನ್ನಬೇಕು. ಆರಿಸಿಕೊಳ್ಳುವುದು ವೈರಸ್ಸಿಗೆ ಆಗದು, ನಮಗೆ ಆಗುತ್ತದೆ.