ಮುಟ್ಟುವ ಮುನ್ನ

ನರಗುಂದದವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ 1980ರ ಜುಲೈ 21ರಂದು ಇಲ್ಲಿನ ರೈತರು ಸಿಡಿದೆದ್ದರು. 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತರು. ಇಂಥ ಸೀಮೆಯ ವಾರ್ಡಿನಲ್ಲಿ ಒಂದೊಂದು ಮಂಚಕ್ಕೂ ಮೊದಲು ನಲ್ಲಿಯ ತನಕ ಹೋಗಿ ಕೈ ತೊಳೆದು ಬನ್ನಿ ಎಂದು ಸಿಸ್ಟರ್‌ಗೆ ಹೇಳುವುದು ಸುಲಭ, ನಡೆಸುವುದು ಕಷ್ಟ. ಮಂಚದ ಪಕ್ಕದಲ್ಲೇ ಇಟ್ಟ ಸ್ಯಾನಿಟೈಸರ್ ಈ ಕಷ್ಟವನ್ನು ನೀಗಿಸಿತು. ಬೆರಳ ಸಂದು, ಹೆಬ್ಬೆರಳು, ಉಗುರ ತುದಿಗೆಲ್ಲ ತಾಗುವಂತೆ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ರಕ್ತವೋ ಕೊಳೆಯೋ ಕಣ್ಣಿಗೆ ಕಾಣುವಂತಿದ್ದರೆ ನೀರು, ಸಾಬೂನು ಬೇಕೇ ಬೇಕು.

ಹಾಗಾದರೆ ಉಳಿದಿರುವ ಅಡ್ಡಿ ಯಾವುದು? ಕೈ ಸ್ವಚ್ಛಗೊಳಿಸಲು ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಗುರುತಿಸಿದೆ. ಎರಡು ‘ಮೊದಲು’: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಚುಚ್ಚುವಂಥ ಶುದ್ಧ ಕೆಲಸಕ್ಕೆ ಮೊದಲು. ಮೂರು ‘ನಂತರ’: ದೇಹದ ದ್ರವ ತಾಗಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಹಾಸಿಗೆ, ಸಾಮಾನು ಮುಟ್ಟಿದ ಮೇಲೆ. ಹಲವು ದೇಶಗಳ ಆಸ್ಪತ್ರೆಗಳನ್ನು ಗಮನಿಸಿದವರು ಕಂಡದ್ದು ಒಂದೇ: ‘ನಂತರ’ದ ಕೈಗಳು ಹೆಚ್ಚು ಸ್ವಚ್ಛವಾಗುತ್ತವೆ, ‘ಮೊದಲಿ’ನವು ತಪ್ಪಿಹೋಗುತ್ತವೆ. ನಮ್ಮನ್ನು ಕಾಯ್ದುಕೊಳ್ಳಲು ಭಯ ಸಾಕು, ಅದು ತಾನಾಗಿ ನೆನಪಿಸುತ್ತದೆ. ಇನ್ನೊಬ್ಬರನ್ನು ಕಾಯಲು ಬೇಕಾದ ಕಾಳಜಿಯನ್ನು ಮಾತ್ರ ದಿನದಿನವೂ ರೂಢಿಸಿಕೊಳ್ಳಬೇಕು.

ಕೈ ತೊಳೆಯುವ ಈ ಪಾಠ ಹಳೆಯದು. 1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮುಗಿಸಿ ನೇರ ಹೆರಿಗೆ ವಾರ್ಡಿಗೆ ಬರುತ್ತಿದ್ದವರಿಂದ ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆಸಿದರು. ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆದರೂ ಅನೇಕ ವೈದ್ಯರು ಅವರ ಮಾತು ಒಪ್ಪಲಿಲ್ಲ. ಒಪ್ಪಿದರೆ, ಗುಣಪಡಿಸಲು ಚಾಚಿದ ತಮ್ಮ ಕೈಯೇ ಸಾವನ್ನು ಹೊತ್ತಿತ್ತೆಂದು ಒಪ್ಪಬೇಕಿತ್ತು. ಒಳ್ಳೆಯ ಉದ್ದೇಶ ಕೈಯನ್ನು ಶುದ್ಧ ಮಾಡುವುದಿಲ್ಲ.

ಈ ಕೆಲಸದ ಫಲ ಕಣ್ಣಿಗೆ ಕಾಣುವಂಥದ್ದಲ್ಲ. ಬಾರದೇ ಹೋದ ಸೋಂಕನ್ನು ಯಾರೂ ಎಣಿಸಿ ತೋರಿಸಲಾರರು. ಬದುಕುಳಿದ ಬಾಣಂತಿಗೆ ತಾನು ಉಳಿದದ್ದು ಯಾರ ಕೈಯಿಂದ ಎಂಬುದು ತಿಳಿಯದು. ಕೃತಜ್ಞತೆ ಬಯಸದೆ ಮಾಡುವ ಸೇವೆ ಎಂದರೆ ಇದೇ. ಆ ಅರ್ಧ ನಿಮಿಷ ಒಬ್ಬ ರೋಗಿಯನ್ನು ಬಿಟ್ಟು ಇನ್ನೊಬ್ಬರ ಕಡೆ ಪೂರ್ತಿ ಮನಸ್ಸು ತಿರುಗಿಸುವ ಹೊತ್ತೂ ಹೌದು.

ಆದರೆ ಈ ಹೊಣೆಯನ್ನು ಸಿಬ್ಬಂದಿಯ ಮನಸ್ಸಿಗಷ್ಟೇ ಬಿಡಬಾರದು. ಸ್ಯಾನಿಟೈಸರ್ ಬಾಟಲಿ ಬರಿದಾಗದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. “ಕೈ ಸ್ವಚ್ಛ ಮಾಡ್ಕೊಂಡೀರೇನ್ರಿ?” ಎಂದು ರೋಗಿಯ ಮನೆಯವರು ಕೇಳಿದಾಗ ಸಿಟ್ಟಾಗದಿರುವುದು ವೈದ್ಯರ ದೊಡ್ಡತನ. ಹಕ್ಕಿನ ನೀರು ಕೇಳಲು ಅಂಜದ ಜನ, ಶುದ್ಧವಾದ ಕೈಯನ್ನು ಕೇಳಲೂ ಅಂಜಬೇಕಿಲ್ಲ.