ಮುರಿದ ಕಾಲೂ ಉಳಿದ ಕಾಯಕವೂ

ಕಲ್ಯಾಣದ ಶರಣರಲ್ಲಿ ಹಲವರಿಗೆ ಅವರ ಕಾಯಕವೇ ಹೆಸರಾಗಿ ನಿಂತಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬಲ್ಲಿ ವ್ಯಕ್ತಿಯನ್ನೂ ವೃತ್ತಿಯನ್ನೂ ಬೇರ್ಪಡಿಸಲಾಗದು. ದುಡಿಮೆಗೆ ಇಷ್ಟು ಎತ್ತರದ ಸ್ಥಾನವನ್ನು ಕೊಟ್ಟಲ್ಲಿ ಒಂದು ಪ್ರಶ್ನೆಯು ತಾನಾಗಿಯೇ ಏಳುವುದು. ಹುಟ್ಟು ಹಾಕುವ ತೋಳೇ ಸೋತ ಮೇಲೆ ಅಂಬಿಗನು ಯಾರು? ಯಾವ ಅಂಗದಲ್ಲಿ ಒಬ್ಬನ ನೈಪುಣ್ಯವು ನೆಲೆಸಿರುವುದೋ ಆ ಅಂಗವೇ ಮುರಿದರೆ ಅವನ ಬಾಳಿಗೆ ಉಳಿಯುವ ಬೆಲೆಯೇನು?

ಕಾಲ್ಚೆಂಡಾಟಗಾರನ ಬಾಳಿನಲ್ಲಿ ಈ ಪ್ರಶ್ನೆಯು ಅತಿ ತೀಕ್ಷ್ಣವಾಗಿ ಕಾಣುವುದು. ಬೇಸಾಯಗಾರನ ಅನುಭವವು ವಯಸ್ಸಿನೊಡನೆ ಬೆಳೆಯುವುದು. ಆಟಗಾರನ ಸಂಪತ್ತಾದರೋ ಕೆಲವೇ ವರ್ಷಗಳದು, ಅದೂ ಎರಡು ಮೊಣಕಾಲುಗಳನ್ನು ನಂಬಿದುದು. ಫ್ರಾನ್ಸ್ ದೇಶದ ಜುಸ್ಟ್ ಫೊಂತೆನ್ ಎಂಬಾತನು 1958ರಲ್ಲಿ ಸ್ವೀಡನ್ನಿನಲ್ಲಿ ನಡೆದ ವಿಶ್ವಕಪ್ಪಿನ ಆರು ಪಂದ್ಯಗಳಲ್ಲಿ 13 ಗೋಲುಗಳನ್ನು ಹೊಡೆದನು. 2022ರ ವಿಶ್ವಕಪ್ಪಿನವರೆಗೂ ಒಂದೇ ಪಂದ್ಯಾವಳಿಯಲ್ಲಿ ಬೇರಾರೂ ಅಷ್ಟು ಗೋಲು ಹೊಡೆದುದಿಲ್ಲ. ತನ್ನ ಬೂಟು ಹಾಳಾಗಿದ್ದುದರಿಂದ ಆತನು ಅಲ್ಲಿ ತೊಟ್ಟಿದ್ದುದು ಜೊತೆಯ ಆಟಗಾರನೊಬ್ಬನಿಂದ ಎರವು ಪಡೆದ ಬೂಟು. 1960ರಲ್ಲಿ ಆತನ ಕಾಲಿನ ಎಲುಬು ಮುರಿಯಿತು. ಕೂಡಿದ ಕಾಲು ಮತ್ತೊಮ್ಮೆ ಮುರಿಯಿತು. 1962ರಲ್ಲಿ, 28ನೆಯ ವಯಸ್ಸಿನಲ್ಲಿ, ಆಟಕ್ಕೆ ವಿದಾಯ ಹೇಳಿದನು. ಅನಂತರ 60 ವರ್ಷಗಳಿಗೂ ಮಿಕ್ಕಿ ಬದುಕಿ 2023ರಲ್ಲಿ ತೀರಿಕೊಂಡನು.

ಬೂಟು ಎರವಿನದೆಂಬುದು ಆತನಿಗೆ ತಿಳಿದಿದ್ದಿತು. ಅದರೊಳಗಿನ ಕಾಲೂ ಎರವಿನದೆಂಬುದನ್ನು ನೆನೆಯುವವರು ವಿರಳ. ತನುವು ತನ್ನದಲ್ಲ, ಒಂದು ದಿನ ಒಪ್ಪಿಸಬೇಕಾದುದು ಎಂಬ ತಿಳಿವು ಅನುಭಾವಿಗಳಿಗೆ ಹೊಸದೇನೂ ಅಲ್ಲ. ಆದರೆ ಈ ಮಾತನ್ನು ನೊಂದವನ ಮುಂದೆ ಅಗ್ಗವಾಗಿ ಆಡಕೂಡದು. ತನಗೆ ತಾನೇ ಹೇಳಿಕೊಂಡರೆ ಅದು ಅರಿವು. ಕಾಲು ಗಟ್ಟಿಯಿರುವವನು ಕಾಲು ಮುರಿದವನಿಗೆ ಹೇಳಿದರೆ ಅದು ನಿರ್ದಯೆ. ಪೂರ್ವಜನ್ಮದ ಫಲವೆಂದು ಹಣೆಬರಹ ಓದುವುದಂತೂ ಅದಕ್ಕಿಂತಲೂ ಹೀನವಾದುದು.

ಇನ್ನೊಂದು ಬಗೆಯ ಸುಲಭ ಸಮಾಧಾನವಿದೆ: ಆದದ್ದೆಲ್ಲಾ ಒಳ್ಳೆಯದಕ್ಕೇ ಎಂಬುದು. ಇಂಗ್ಲೆಂಡಿನ ಬ್ರಿಯಾನ್ ಕ್ಲಫ್ ಲೀಗಿನ 274 ಪಂದ್ಯಗಳಲ್ಲಿ 251 ಗೋಲು ಹೊಡೆದ ಆಟಗಾರ. 1962ರ ಡಿಸೆಂಬರ್ 26ರಂದು, 27ರ ಹರೆಯದಲ್ಲಿ, ಎದುರಾಳಿ ತಂಡದ ಗೋಲ್‌ಕೀಪರನಿಗೆ ಡಿಕ್ಕಿ ಹೊಡೆದು ಆತನ ಮೊಣಕಾಲಿನ ಕಟ್ಟುಗಳು ಹರಿದುವು. ಮರಳಿ ಮೂರೇ ಲೀಗ್ ಪಂದ್ಯಗಳನ್ನಾಡಿ ನಿಲ್ಲಿಸಬೇಕಾಯಿತು. ಆಗ ಸಂಡರ್‌ಲೆಂಡ್ ಸಂಸ್ಥೆಯು ಎಳೆಯ ಆಟಗಾರರ ತರಬೇತಿಯನ್ನು ಆತನಿಗೆ ವಹಿಸಿತು. ಆತನೇ ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ನಡೆಸಿ 1979 ಮತ್ತು 1980ರಲ್ಲಿ ಯೂರೋಪಿಯನ್ ಕಪ್ಪನ್ನು ಗೆದ್ದುಕೊಟ್ಟನು. ಹಾಗಾದರೆ ಕಾಲು ಮುರಿದುದೇ ಲೇಸಾಯಿತೆನ್ನುವುದು ಅವಿಚಾರ. ಕಪ್ಪು ಬಂದ ಮಾತ್ರಕ್ಕೆ ನೋವು ಲಾಭವಾಗಲಾರದು. ಮದ್ಯಪಾನವು ಆತನನ್ನು ಬಹುಕಾಲ ಕಾಡಿತು. 2003ರಲ್ಲಿ ಯಕೃತ್ತನ್ನೇ ಬದಲಿಸಬೇಕಾಯಿತು. ಇಲ್ಲಿ ಗಮನಿಸತಕ್ಕ ಅಂಶ ಬೇರೆ. ಕ್ಲಫನಲ್ಲಿ ಛಲವಿದ್ದುದು ನಿಜ. ಆದರೆ ಓಡಲಾರದವನನ್ನು ನಂಬಿ ಹುಡುಗರನ್ನು ಒಪ್ಪಿಸಿದವರು ಇಲ್ಲದಿದ್ದರೆ ಆ ಛಲಕ್ಕೆ ಕಾಲೂರಲು ನೆಲವೆಲ್ಲಿತ್ತು? ಮುರಿದವನ ಕಾಯಕವು ಅವನೊಬ್ಬನ ಸಂಕಲ್ಪದಿಂದ ಮರಳಿ ಹುಟ್ಟುವುದಿಲ್ಲ. ಅದಕ್ಕೆ ಸುತ್ತಲಿನವರ ವಿಶ್ವಾಸವೂ ಬೇಕು.

ನಿಟ್ಟೂರಿನಂತಹ ಮಲೆನಾಡಿನ ಊರಿನಲ್ಲಿ ಸಾವಿರಾರು ಜನ ಕುಳಿತು ನೋಡುವ ಆಟದ ಬಯಲಿಲ್ಲ. ಆದರೆ ಅಂಥದೇ ನೈಪುಣ್ಯವುಳ್ಳ ಕೊನೆಗಾರನಿದ್ದಾನೆ. ಕಾಲಿಗೆ ತಳೆ ತೊಟ್ಟು ಅಡಿಕೆಯ ಮರವನ್ನೇರಿ, ನೆಲಕ್ಕಿಳಿಯದೆಯೇ ಪಕ್ಕದ ಮರವನ್ನು ಬಾಗಿಸಿ ಹಿಡಿದು ದಾಟಬಲ್ಲವನು. ಕೊಳೆರೋಗಕ್ಕೆ ಮದ್ದು ಹೊಡೆಯಲು ಮಳೆಗಾಲದಲ್ಲಿ ಪಾಚಿಗಟ್ಟಿದ ಮರವನ್ನೂ ಏರುವವನು. ಅವನು ಏರಿದ ಮರಗಳ ಲೆಕ್ಕವನ್ನು ಯಾವ ದಾಖಲೆಯೂ ಇಟ್ಟಿಲ್ಲ. ಒಂದು ದಿನ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅವನ ಹೆಸರೂ ಊರಿನ ಬಾಯಿಂದ ಮೆಲ್ಲನೆ ಮರೆಯಾಗುವುದು. ತೋಟದ ಒಡೆಯನು ಆಸ್ಪತ್ರೆಯ ವೆಚ್ಚವನ್ನು ಕೊಟ್ಟ ಮಾತ್ರಕ್ಕೆ ಋಣ ತೀರಿತೆ? ಅವನ ಕಾಲಿನ ಬಲವು ವರುಷ ವರುಷವೂ ಒಡೆಯನ ಅಂಗಳದಲ್ಲಿ ಅಡಿಕೆಯಾಗಿ ಒಣಗಿದೆ. ಆದುದರಿಂದ ಅವನಿಗೆ ಸಲ್ಲುವುದು ಭಿಕ್ಷೆಯಲ್ಲ, ಬಾಕಿ. ದಾಸೋಹವೆಂಬ ಮಾತಿಗೆ ಇಲ್ಲಿ ಇದೇ ಅರ್ಥ.

ಬಾಕಿಯೂ ಹಣದಲ್ಲಿಯೇ ಮುಗಿಯತಕ್ಕದ್ದಲ್ಲ. ಯಾವ ಕೊನೆ ಬಲಿತಿದೆ, ಯಾವುದು ಇನ್ನೂ ಎಳೆಯದು, ಯಾವ ಮರ ಭಾರ ತಾಳದು ಎಂಬ ತಿಳಿವು ಅವನ ಕಾಲಿನಲ್ಲಿರಲಿಲ್ಲ, ಕಣ್ಣಿನಲ್ಲಿದೆ. ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಿಂದ ಕೊನೆ ಇಳಿಸುವ ಕ್ರಮವೂ ಈಗ ಬಂದಿದೆ. ಅದನ್ನು ಹಿಡಿಯುವ ಎಳೆಯರಿಗೆ ಆ ಕಣ್ಣಿನ ಅಗತ್ಯವಿದೆ. ಅವನನ್ನು ಕರೆದು ತೋಟದಲ್ಲಿ ಕುಳ್ಳಿರಿಸಿ, ಅವನ ಮಾತನ್ನು ಕೇಳಿ, ಆ ಮಾತಿಗೆ ಕೂಲಿ ಕೊಡುವ ಗೃಹಸ್ಥನು ಒಬ್ಬನ ಅನ್ನವನ್ನಷ್ಟೇ ಅಲ್ಲದೆ ಅವನ ಹೆಸರನ್ನೂ ಕಾಯುತ್ತಾನೆ.

ತೋಳು ಸೋತರೂ ಹೊಳೆಯ ಸುಳಿ ಎಲ್ಲಿದೆಯೆಂಬುದನ್ನು ಅಂಬಿಗನು ಮರೆಯುವುದಿಲ್ಲ. ಕೇಳುವವರಿದ್ದರೆ ಅದೇ ಅವನ ಕಾಯಕ. ಕೇಳುವವರಿಲ್ಲದಿದ್ದರೆ ಅದು ಅವನೊಡನೆಯೇ ಮಣ್ಣಾಗುವುದು. ಆ ನಷ್ಟವು ದಡದಲ್ಲಿ ನಿಂತವರದು.